ಒಂದು ಮೂರು ಐದು ಎರಡು ನಾಕು

ಸೊಲ್ಲಾಪುರದಾಗ, ಸಾಖರ ಪೇಠದ ಈ ಗಲ್ಲಿಯಾಗ
ಎಲ್ಲಾ ಸಪ್ಪಳ ಎರಡರ ಲೆಕ್ಕ.
ಖಟ್ ಖಟ್, ಹೋಗು ಬಾ,
ಲಾಳಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ.
ನಾ ಮಾತ್ರ ಮಗ್ಗ ರಿಪೇರಿಯ ಲೇಥಿನ ಮುಂದ
ಹತ್ತು ಬಾಯ್ ಎಂಟರ ಖೋಲಿಯಾಗ
ಐದರ ಲೆಕ್ಕ ಹಿಡದು ಕೂತು
ಮೂರು ವರ್ಷ ಏಳು ತಿಂಗಳಾತು.

ನಡುವ ಒಂದು ದುಂಡನ ಮನಿ. ಅದರ ಸುತ್ತ
ಐದು ಸಿಲಿಂಡರು ಕಾಲು ಚಾಚ್ಯಾವ,
ಬ್ಯಾಸಗಿ ರಾತ್ರಿ ಮಾಳಗಿ ಮ್ಯಾಲ
ಒಂದೇ ದಿಂಬಿಗೆ ತಲಿ ಇಟ್ಟ ಹುಡುಗುರಂಗ.
ಖರೇ ವಿಮಾನದ ಇಂಜಿನ್ನಿನ ಆರನೇ ಒಂದು ಪಾಲು.
ಎರಡು ಅಂಗೈ ಕೂಡಿಸಿದರ ಹಿಡಿಸ್ತದ.

"ಆರು ಯಾಕ ಅಲ್ಲ ಚಾಚಾ?" ಅಂದ ವೆಲ್ಡಿಂಗಿನ ಇಲಿಯಾಸ.
ಆರಿಟ್ಟು, ಒಂದ ಬಿಟ್ಟೊಂದು ಉರಿಸ್ಕೋತ ಹೋದರ
ಮೂರು ಮಂದಿ ಉಣ್ತಾರ,
ಮೂರು ಮಂದಿ ದಿನಾ ಉಪಾಸ.
ಐದರಾಗ ಹಂಗಿಲ್ಲಪಾ. ಒಂದು, ಮೂರು, ಐದು,
ಎರಡನೇ ಸುತ್ತಿಗೆ ಎರಡು, ನಾಕು.
ಯಾರನ್ನೂ ಬಿಡದಂಗ ಬೆಂಕಿ ಮುಟ್ಟತದ.

ಕ್ರ್ಯಾಂಕು ಮೂರು ಸಲ ಕೆಟ್ಟಿತು.
ಮೊದಲನೇದು ನನ್ನ ಅವಸರಕ್ಕ.
ಎರಡನೇದು ಕರೆಂಟ್ ಹೋಗಿ, ಟೂಲು ಕಚ್ಚಿ.
ಮೂರನೇದರಾಗ ಏನೂ ತಪ್ಪಿರಲಿಲ್ಲ. ಚಕ್ಕಿನಿಂದ ಬಿಡಿಸಿ
ಅರಿವ್ಯಾಗ ಸುತ್ತಿ ಇಟ್ಟು ಮಲಗಿದೆ.
ಮುಂಜಾನೆ ಎದ್ದು ಅಳದರ
ಒಂದು ಕೂದಲಿನಷ್ಟು ಬಾಗಿತ್ತು.
ಉಕ್ಕಿನ ಹೊಟ್ಟ್ಯಾಗ ಹಳೇ ಸಿಟ್ಟು ಇರ್ತದ,
ಮ್ಯಾಲಿನ ತೊಗಲು ಸುಲದರ
ಅದು ಮಗ್ಗಲ ಬದಲಸ್ತದ.
ನಾಕನೇದನ್ನ ಒರಟು ಕೊರದು
ತಿಂಗಳೊಪ್ಪತ್ತು ಹೊರಸಿನ ಕೆಳಗ ಬಿಟ್ಟೆ,
"ಏನ ಇದ್ರೂ ಈಗೇ ಮುಗಿಸ್ಕೋ" ಅಂದು.

ಸಿಲಿಂಡರಿಗೆ ಮುರದ ಮಗ್ಗದ ಬೀಡಿನ ಗಾಲಿ.
ನಲವತ್ತು ವರ್ಷ ಚಾದರ ನೇದ ಬೀಡು,
ಕೊರದರ ಪುಡಿ ಕರ್ರಗ, ಕಾಡಿಗಿಯಂಗ.
ಕಾರ್ಬುರೇಟರಿಗೆ ಮಹಾನಂದಾಳ ಹೊಲಿಗಿ ಮಷೀನಿನ ಸೂಜಿ.
ಕೇಳಿ ತಗೊಂಡಿರಲಿಲ್ಲ. ಆಕಿ ಎರಡು ದಿನ
ಮಂದಿ ಜಂಪರೆಲ್ಲ ಕೈಯಿಂದ ಹೊಲದಳು,
ಮೂರನೇ ದಿನ ಇಡೀ ಪಾಕೀಟು ತಂದು
ಲೇಥಿನ ಮ್ಯಾಲ ಇಟ್ಟು ಹೋದಳು, ಮಾತಿಲ್ಲ.

ಕ್ಯಾಮಿನ ಉಂಗುರ ಉಲ್ಟಾ ತಿರಗಬೇಕು,
ಕ್ರ್ಯಾಂಕಿನ ನಾಕು ಸುತ್ತಿಗೆ ಅದರದು ಒಂದು.
ಇದು ತಲ್ಯಾಗ ಇಳೀಲಿಕ್ಕೇ ನನಗ
ಒಂದು ಮಳಿಗಾಲ ಬೇಕಾತು.

ಸೂಟಿ ದಿನ. ಗಲ್ಲಿ ತುಂಬ ಮಗ್ಗ ನಿಂತಾವ.
ರೆಕ್ಕಿಗೆ ಬೆರಳು ಹಚ್ಚಿ ಹೊಡದೆ. ಕೆಮ್ಮಿತು.
ಮತ್ತ ಹೊಡದೆ. ಬೆರಳು ಒಡೀತು.
ಹನ್ನೊಂದನೇ ಏಟಿಗೆ ಹಿಡೀತು ನೋಡ್ರಿ,
ನೀಲಿ ಹೊಗಿ, ಔಡಲೆಣ್ಣಿ ವಾಸನಿ,
ಇಲಿಯಾಸ ಕುಣದ.

ಎದುರು ಕಟ್ಟಿ ಮ್ಯಾಲ ಬೀಡಿ ಕಟ್ಟೋ ನರಸವ್ವ ಚಿಪ್ಪಾ
ತಲಿ ಎತ್ತಲಿಲ್ಲ. ಹೂಂ ಅಂದಳು.
"ಒಂದ್ ಎಳಿ ಹರದದ."
ಮೂವತ್ತು ವರ್ಷ ಆಕಿ ನಾಕು ಮಗ್ಗದ ನಡುವ ನಿಂತಾಕಿ,
ಬೆನ್ನು ಮಾಡಿ ನಿಂತರೂ ಗೊತ್ತಾಗ್ತಿತ್ತಂತ
ಯಾವ ಮಗ್ಗ ಕುಂಟಲತ್ತದ ಅಂತ.
ನಿಲ್ಲಿಸಿ, ಉಗುಳು ಹಚ್ಚಿದ ಬೆರಳಿಂದ
ಒಂದೊಂದೇ ಕೊಳವಿ ಮುಟ್ಟಿದೆ.
ಚುಂಯ್. ಚುಂಯ್. ಚುಂಯ್.
ನಾಕನೇದು ತಣ್ಣಗಿತ್ತು, ಗುಡಿ ಗಂಟಿಯಂಗ.

ವಾಲ್ವು ಬಿಗಿಯಾಗಿ ಬಾಯಿ ಮುಚ್ಚಿರಲಿಲ್ಲ.
ಗೇಜು ಕೈಗೆ ಸಿಗವೊಲ್ದು. ಆಕಿ ಮೊರದಾಗಿಂದ
ಒಂದು ಬೀಡಿ ಎಲಿ ಚಾಚಿದಳು: "ಇಷ್ಟ್ ದಪ್ಪ ಸಾಕೇನು?"
ಸಾಕಾತು.

"ವಿಮಾನ ಯಾವಾಗ?" ಇಲಿಯಾಸ ಕೇಳ್ಯಾನ.
ವಿಮಾನ ಇಲ್ಲ. ನಾಕು ಬೋಲ್ಟು ಇದನ್ನ ಮೇಜಿಗೆ ಹಿಡದಾವ,
ಮೇಜಿನ ಕಾಲು ಗಾರಿ ನೆಲದಾಗ ಹೂತಾವ.
ಹೋಗಬೇಕಾದ್ದು ಎಲ್ಲಿಗೂ ಇಲ್ಲ.

ಎರಡನೇ ಸಲ ಹಿಡದಾಗ
ತೊಲಿ ಮ್ಯಾಲ ವರ್ಷಗಟ್ಟಲೆ ಕೂತ ಹತ್ತಿ ಧೂಳು
ಒಮ್ಮೆಲೆ ಎದ್ದು, ಬಾಗಿಲಾ ದಾಟಿ
ಗಲ್ಲಿ ತುಂಬಿತು. ಯಾರೂ ಬೈಲಿಲ್ಲ.
ನರಸವ್ವ ಸೆರಗು ತಲಿ ಮ್ಯಾಲ ಎಳಕೊಂಡು
ಮೊಣಕಾಲಿಗೆ ಬೆರಳು ಬಡಕೋತ ಎಣಸಲತ್ತಿದ್ದಳು
ತನ್ನ ಮನಿ ಮಾತಿನಾಗ:
ಒಕಟಿ, ಮೂಡು, ಐದು, ರೆಂಡು, ನಾಲುಗು.
ಒಕಟಿ, ಮೂಡು,

ಅಷ್ಟರಾಗ ಪೆಟ್ರೋಲು ಮುಗೀತು.