ಕೋಳಿ ಕೂಗಿತ್ತು

ರಿಪ್ಪನ್‌ಪೇಟೆಯ ಪಶು ಆಸ್ಪತ್ರೆಯಲ್ಲಿ
ಇಪ್ಪತ್ತಾರು ವರ್ಷದಿಂದ ಕಾಂಪೌಂಡರು ನಾನು.
ಔಷಧದ ಕಂಪನಿಯವರು ಕೊಟ್ಟ ಡೈರಿಯಲ್ಲಿ
ದಿನಕ್ಕೆ ಮೂರು ಸಾಲು, ಹೆಚ್ಚೆಂದರೆ ನಾಲ್ಕು.
ಯಾರಿಗೆಂದೂ ಅಲ್ಲ, ಗೋಡೆಗೆ ಗೀಚಿಟ್ಟ
ಹಾಲಿನ ಲೆಕ್ಕದ ಹಾಗೆ.

ಹೊಸ ಡಾಕ್ಟರಮ್ಮ ಪುಟಗಳ ಫೋಟೋ ಹೊಡೆದು
ಎಲ್ಲಿಗೋ ಕಳಿಸಿ, ಚಾ ಆರುವುದರೊಳಗೆ
ಫೋನು ಮುಂದಿಟ್ಟರು:
"ಕೇಳಿ ಹೂವಪ್ಪ, ನಿಮ್ಮದೇ."

ಒಬ್ಬ ಗಂಡಸು, ಒಬ್ಬಳು ಹೆಂಗಸು.
ಹುಟ್ಟಿದ ಊರಿಲ್ಲ, ಕೆಮ್ಮಿಲ್ಲ,
ದವಡೆಯಲ್ಲಿ ಎಲೆಯಡಿಕೆಯೂ ಇಲ್ಲ.
"ಎಷ್ಟು ಆಳವಾಗಿದೆ ನೋಡಿ!" ಅಂತಾನೆ ಅವನು.
"ಹೌದಲ್ವಾ!" ಅಂತಾಳೆ ಅವಳು.
ಆಳಕ್ಕೆ ಇಳಿದದ್ದು ನನ್ನ ಕೈ, ಭುಜದವರೆಗೆ,
ಅಡ್ಡ ಬಿದ್ದ ಕರುವಿನ ಕಾಲು ತಡಕುತ್ತ.

ಹುಂಚದಕಟ್ಟೆಯನ್ನು ಮುರಿದು ಎರಡು ಊರು ಮಾಡಿದರು.
ಗಿಡ್ಡ ಅಂದರೆ ತಳಿ ಎಂದು ತಿಳಿಯದೆ
ಪಾಪ, ಬೆಳೆಯದ ಹಸು ಎಂದು ಮರುಗಿದರು.
"ಇವತ್ತು ಏನಿಲ್ಲ" ಎಂದು ಬರೆದಿದ್ದ ಒಂದು ಶನಿವಾರದ ಮೇಲೆ
ಎರಡು ನಿಮಿಷ ಮಾತಾಡಿದರು.
ನಿಜಕ್ಕೂ ಏನಿರಲಿಲ್ಲ ಮಾರಾಯ್ರೆ ಅವತ್ತು,
ಕರೆಂಟು ಹೋಗಿ, ಲಸಿಕೆಗೆ ಐಸು ಹುಡುಕಿಕೊಂಡು
ಮೀನಿನ ಅಂಗಡಿಗೆ ಓಡಿದ್ದು ಬಿಟ್ಟರೆ.

ಆಮೇಲೆ ಬಂತು:
ಬಂಗಾರಮ್ಮನ ಕೌಲಿ. ರಾತ್ರಿ ಎರಡೂವರೆ. ಕರು ಸಿಕ್ಕಿತು.
ತಾಯಿ ಉಳಿಯಲಿಲ್ಲ. ಮನೆಯವರು ಕಾಫಿ ಕೊಟ್ಟರು.

"ಕಾಫಿ ಇಲ್ಲಿ ಒಂದು ಸಂಕೇತ" ಅಂದ ಅವನು.
ಬೆಲ್ಲದ ಕಾಫಿ ಅದು. ಹೊಗೆ ಹತ್ತಿತ್ತು.
ಕುಡಿದೆ, ಯಾಕೆಂದರೆ ಕೊಟ್ಟಿದ್ದರು.

ಅವಳು ಮಾತ್ರ ಒಂದು ಗಳಿಗೆ ಸುಮ್ಮನಾದಳು.
ಪುಪ್ಪುಸವಿಲ್ಲದವಳು ಉಸಿರೊಂದನ್ನು ಎಳೆದುಕೊಂಡು
"ತಾಯಿ ಉಳಿಯಲಿಲ್ಲ" ಎಂದಳು.
ನಾನಲ್ಲಿ ಇಟ್ಟಿದ್ದು ಬರೀ ಚುಕ್ಕೆ.
ಯಾವ ಮನೆಯ ಯಾವ ಹೆಂಗಸಿನ ಉಸಿರೋ ಅದು,
ಇವಳ ಕೈಗೆ ಹೇಗೆ ಬಂತೋ.
"ನಿಲ್ಲಿಸಲಾ?" ಎಂದರು ಡಾಕ್ಟರಮ್ಮ.
ಬೇಡ, ಇರಲಿ ಎಂದೆ.

ಕಾಲುಬಾಯಿ ಲಸಿಕೆಗೆ ಹೋದಾಗ
ಬಂಗಾರಮ್ಮನಿಗೂ ಕೇಳಿಸಿದೆ, ಕೊಟ್ಟಿಗೆಯ ಬಾಗಿಲಲ್ಲೇ.
ಹುಲ್ಲು ಉದುರಿಸುತ್ತ ಪೂರ್ತಿ ಕೇಳಿದಳು.
"ಯಾವ ಕಡೆಯವ್ರು ಇವ್ರು? ಗಂಡ ಹೆಂಡ್ತಿಯಾ?"
ಯಾರೂ ಅಲ್ಲ, ಮಿಷನ್ನು.
"ಮತ್ತೆ ನಮ್ಮ ಕೌಲಿ ಸತ್ತಿದ್ದು ಅದಕ್ಕೆಂತ ಗೊತ್ತು?"
ನಾನು ಬರೆದಿಟ್ಟಿದ್ದೆ.
"ನೀವಾ? ಬರ್ದಿಟ್ಟಿದ್ರಾ?"

ಫೋನು ಮಾತಾಡುತ್ತಲೇ ಇತ್ತು.
ಅವಳು ಅದನ್ನು ಬಿಟ್ಟು ನನ್ನನ್ನು ನೋಡಿದಳು.
ಕೌಲಿಯ ಮಗಳು, ಈಗ ಮೂರನೇ ಸೂಲಿನವಳು,
ಆ ದನಿಯ ಕಡೆಗೆ ಒಂದು ಕಿವಿ ತಿರುಗಿಸಿ
ಮತ್ತೆ ಮೆಲುಕಿಗೆ ಮರಳಿದಳು.

"ಒಂದು ತಪ್ಪಾಗಿದೆ, ಹೇಳಿ ಅವ್ರಿಗೆ,"
ಸೆರಗಿಗೆ ಕೈ ಒರೆಸಿಕೊಂಡು ಬಂಗಾರಮ್ಮ ಅಂದಳು.
"ಎರಡೂವರೆ ಅಲ್ಲ. ಕೋಳಿ ಕೂಗಿತ್ತು."

ಡೈರಿ ತಂದಿರಲಿಲ್ಲ.
ಲಸಿಕೆಯ ರಟ್ಟಿನ ಮೇಲೆ ಬರೆದುಕೊಂಡೆ.