ನೂರ ನಲವತ್ತು ಗಡ್ಡೆ

ಲೇನಾ ನದಿಯ ಈಚೆದಡದಲ್ಲಿ
ನೀರನ್ನು ಕೊಡದಲ್ಲಿ ಅಳೆಯುವುದಿಲ್ಲ,
ಗಡ್ಡೆಯಲ್ಲಿ ಎಣಿಸುತ್ತೇವೆ.
ನವೆಂಬರಿನಲ್ಲಿ ಕೆರೆ ಮೊಣಕೈಯುದ್ದ ಹೆಪ್ಪುಗಟ್ಟಿದ ಮೇಲೆ
ಗರಗಸ ಹಾಕಿ, ಕೊಯ್ದು, ಜಾರುಬಂಡಿಗೆ ಹೇರಿ
ಅಂಗಳದಲ್ಲಿ ಒಟ್ಟಬೇಕು, ಸೌದೆಯ ಹಾಗೆ,
ನಾಯಿ ಕಾಲೆತ್ತಿದರೂ ತಾಗದ ಎತ್ತರದಲ್ಲಿ.
ಒಂದು ಮನೆಗೆ, ಒಂದು ಚಳಿಗಾಲಕ್ಕೆ, ನೂರ ನಲವತ್ತು.
ಮದುವೆಯಿದ್ದರೆ ಇನ್ನಿಪ್ಪತ್ತು.

ಸೊಸೆಯಾಗಿ ಬಂದ ವರ್ಷ ನಾನು ಕಲಿತ ಮೊದಲ ಲೆಕ್ಕ ಇದು.
ಕಲಿಸಿದವಳು ಅತ್ತೆ ಬಲಾಗಿಯಾ;
ಎರಡು ಹಲ್ಲು, ತುಂಬ ಮಾತು.
"ಹೊಗೆಬಣ್ಣದ್ದು ಹಸುಗಳಿಗೆ,
ನೀಲಿಯದು ಚಹಾಕ್ಕೆ,
ಒಳಗೆ ಗುಳ್ಳೆ ಕಂಡರೆ ಬಟ್ಟೆ ಒಗೆಯೋಕೆ."

ಅವಳು ಹುಟ್ಟಿದ ಮನೆಯ ಗೋಡೆಗೆ
ಚಳಿ ಬರುವ ಮೊದಲು ಸಗಣಿ ಮೆತ್ತುತ್ತಿದ್ದರಂತೆ, ಅಂಗೈ ದಪ್ಪ.
ಕಿಟಕಿಗೆ ಗಾಜಿನ ಬದಲು ಕೆರೆಯದೇ ಒಂದು ಹಲಗೆ.
"ಚಳಿಯನ್ನೇ ಚಳಿಗೆ ಕಾವಲು ನಿಲ್ಲಿಸಿದ್ವಿ,
ಸಂಬಳ ಕೇಳಲಿಲ್ಲ ಅದು."

ಈಗ ಕಾವಲಿನವನಿಗೆ ತೂಕಡಿಕೆ.
ನೆಲದಡಿಯ ಬುಲೂಸಿನಲ್ಲಿ,
ಆಗಸ್ಟಿನಲ್ಲೂ ಕುದುರೆಮಾಂಸ ಕಲ್ಲಾಗಿರುತ್ತಿದ್ದ ಉಗ್ರಾಣದಲ್ಲಿ,
ಹೋದ ಬೇಸಿಗೆ ಏಣಿಯ ಕೊನೆಯ ಮೆಟ್ಟಿಲು ಒದ್ದೆ.
ಅತ್ತೆ ಬೆರಳಿಟ್ಟು ನೋಡಿ, ಬೆರಳು ಮೂಸಿ,
ಏನೂ ಹೇಳದೆ ಹತ್ತಿಬಂದಳು.
ಉಪ್ಪಿಗೆಂದು ಓಡಿದರೆ ಅಂಗಡಿಯಲ್ಲಿ ಉಪ್ಪು ಮುಗಿದಿತ್ತು.
ನೆರೆಯವರೆಲ್ಲ ಅಲ್ಲೇ ಇದ್ದರು.
ಯಾಕೆಂದು ಯಾರೂ ಯಾರನ್ನೂ ಕೇಳಲಿಲ್ಲ.

ಮಗ ಎರ್ಚಿಮ್ ದಿನಾ ಬೆಳಿಗ್ಗೆ
ನಡುಮನೆಯ ನೆಲದ ಮೇಲೆ ಒಂದು ಮೊಟ್ಟೆ ಇಡುತ್ತಾನೆ.
ಅದು ಉರುಳಿದ ಮೂಲೆಗೆ
ಅವನಪ್ಪ ಜಾಕ್ ಹಿಡಿದು ಮನೆಯಡಿ ತೂರುತ್ತಾನೆ,
ಒಂದು ಹಲಗೆ, ಇನ್ನೊಂದು ಹಲಗೆ.
ಮೊಟ್ಟೆ ನಿಂತ ದಿನ ಹುಡುಗ ಅದನ್ನೇ ಬೇಯಿಸಿ ತಿನ್ನುತ್ತಾನೆ.

"ಈ ಹುಲ್ಲುಗಾವಲೂ ಒಂದು ಕಾಲಕ್ಕೆ ನೆಲದಡಿಯ ಹಿಮವೇ.
ಕರಗಿತು, ಕುಸಿಯಿತು, ಕೆರೆಯಾಯಿತು, ಬತ್ತಿತು,
ಆಮೇಲೆ ಹುಲ್ಲು, ಆಮೇಲೆ ಹಸು, ಆಮೇಲೆ ನಾವು,"
ಎಂದಳು ಅತ್ತೆ, ಬಣವೆ ಒಟ್ಟುತ್ತ.
ಎಷ್ಟು ವರ್ಷ ಹಿಡಿಯಿತು, ಕೇಳಿದೆ.
"ನಿನ್ನ ಹಸು ಅಷ್ಟು ಕಾಯೋದಿಲ್ಲ ಬಿಡು."

ಈ ಸಲ ಕೆರೆ ಗಟ್ಟಿಯಾದದ್ದು ಎರಡು ವಾರ ತಡ.
ತೆಳು ಬೇರೆ. ಒಂದು ಗಡ್ಡೆ
ನನ್ನ ತೋಳಿನಲ್ಲೇ ಸೀಳಿ ಎರಡಾಯಿತು.
ಪೆನ್ಸಿಲ್ ಹಿಡಿದು ನಿಂತೆ:
ಒಂದೆಂದು ಬರೆಯಲೋ, ಎರಡೆಂದೋ?
ಅತ್ತೆ ಪುಸ್ತಕಕ್ಕೆ ಇಣುಕಿದಳು.
"ಎಷ್ಟು ಲೋಟ ಚಹಾ ಆಗುತ್ತೋ
ಅಷ್ಟು ಬರೆ."