ಹದಿನೈದನೆಯ ಸ್ಥಾನಕ್ಕೆ

ಮೊಮ್ಮಗ ದಾಮ್ಯಾನನಿಗೆ ಜ್ವರ.
ಅವನ ಬದಲಿಗೆ ಅವನ ಅಂಗಿ ತೊಟ್ಟು ನಾನು ಬಂದೆ.
ನೆಲ ಒರೆಸುವುದಕ್ಕೆ ಯಾರೂ ವಯಸ್ಸು ಕೇಳಲಿಲ್ಲ.
ಎದೆಯ ಮೇಲೆ ಚೆಂಡು ಹಿಡಿದ ಕಾಡುಬೆಕ್ಕಿನ ಚಿತ್ರ,
ಕಂಕುಳಲ್ಲಿ ಬಿಗಿತ.

ಸ್ಕೋಪ್ಯೆಯಲ್ಲಿ ಜುಲೈ. ಬೆಳಗಿನ ಹತ್ತೂವರೆಗೇ ಡಾಂಬರು ಮೆತ್ತಗೆ.
ಹದಿನೆಂಟರೊಳಗಿನ ಹುಡುಗಿಯರು, ಹದಿನಾರು ದೇಶ;
ಇದು ಹದಿನೈದನೆಯ ಸ್ಥಾನಕ್ಕೆ ಆಟ.
ಸೋತರೆ ಹದಿನಾರು. ಅದರ ಕೆಳಗೆ ಮೆಟ್ಟಿಲಿಲ್ಲ.
ಮೂರು ಸಾವಿರ ನೀಲಿ ಕುರ್ಚಿಗೆ ಮೂವತ್ತೊಂದು ಜನ,
ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.
ಅದರಲ್ಲೂ ಒಬ್ಬ ತಂಪಿಗೆಂದು ಬಂದು ನಿದ್ದೆ ಹೋದವನು.

ಗಾಜಿನ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ
ಸೀಸೆಗಳನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕಿದ ಕಣ್ಣು ನನ್ನದು.
ಚೆಂಡು ಎಲ್ಲಿ ಹೋಯಿತೋ, ಯಾರು ಹಾಕಿದರೋ, ತಿಳಿಯದು;
ಒಂದು ಹನಿ ಬೆವರು ಬಿದ್ದರೆ ಮಾತ್ರ
ಈ ತುದಿಯಿಂದ ಕಾಣುತ್ತದೆ.
ಸೀಟಿ. ಓಡು. ಒರೆಸು. ಓಡು.
ಮಂಡಿ ಬೈಯುತ್ತದೆ, ಬೈಯಲಿ.

ಐಸ್‌ಲ್ಯಾಂಡಿನ ಬೆಂಚಿನ ಕೊನೆಯಲ್ಲಿ ಹದಿನಾಲ್ಕನೆಯ ನಂಬರು.
ಹ್ರಾಫ್ನ್‌ಹಿಲ್ದುರ್. ಮೈಕಿನವನು ಆ ಹೆಸರಿನ ಅರ್ಧಕ್ಕೇ ಕೆಮ್ಮಿ
ಉಳಿದರ್ಧ ನುಂಗಿಕೊಂಡ.
ಅವಳು ನೀರಿನ ಬಾಟಲಿ ಸಾಲಾಗಿಟ್ಟಳು, ಮತ್ತೆ ಸಾಲಾಗಿಟ್ಟಳು,
ಗೆಳತಿಯರು ಎದ್ದಾಗ ಎದ್ದಳು, ಚಪ್ಪಾಳೆ ತಟ್ಟಿದಳು,
ಲೇಸು ಬಿಚ್ಚಿ ಕಟ್ಟಿದಳು.
ಎಂಟು ದಿನದಿಂದ ಹೀಗೇ ಅಂತೆ.

ಇಪ್ಪತ್ತಾರು ಅಂಕ ಹಿಂದೆ. ಉಳಿದದ್ದು ಒಂದು ನಿಮಿಷ ನಲವತ್ತು ಸೆಕೆಂಡು.
ಕೋಚ್ ಬೆರಳು ತೋರಿಸಿದಳು.
ಹುಡುಗಿ ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದಳು.
ಗೋಡೆಯಿತ್ತು.

ಆಮೇಲೆ ನಾನು ನೆಲ ನೋಡುವುದನ್ನೇ ಮರೆತೆ.
ಒಮ್ಮೆ ಚೆಂಡು ಕೈಗೆ ಬಂತು, ಹೋಯಿತು.
ಮತ್ತೊಮ್ಮೆ ಬಂದಾಗ ಇಬ್ಬರ ನಡುವೆ ನುಗ್ಗಿ ಎಗರಿದಳು.
ಕಬ್ಬಿಣದ ಬಳೆಯ ಅಂಚನ್ನು ಚೆಂಡು ಸುತ್ತಿತು, ಇನ್ನೊಮ್ಮೆ ಸುತ್ತಿತು,
ಹೊರಗೆ ಬಿತ್ತು.
ಅವಳು ಬೋರಲು, ಅಂಗೈ ಊರಿ.

ಸೀಟಿ. ನನ್ನ ಸರದಿ.
ಮರದ ಮೇಲೆ ಒಂದು ಅಂಗೈ, ಐದು ಬೆರಳು, ಒದ್ದೆ,
ಗೆರೆ ಸಮೇತ.
ಬಿರುಕು ಹುಡುಕಿದೆ, ಹಳೆಯ ಚಾಳಿ. ಇರಲಿಲ್ಲ.
ಬೇಗ, ಎಂದು ರೆಫರಿ ಕೈಯಾಡಿಸಿದ.
ಬೆರಳ ತುದಿಯಿಂದ ಶುರುಮಾಡಿದೆ, ನಿಧಾನಕ್ಕೆ,
ಉಣ್ಣುವ ಮೊದಲು ಮಗುವಿನ ಕೈ ತೊಳೆಸುವ ಹಾಗೆ.

ಎರಡು ಎಸೆತ ಕೊಟ್ಟರು. ಒಂದು ತಪ್ಪಿತು.
ಇನ್ನೊಂದರ ಹೊತ್ತಿಗೆ ನಿದ್ದೆಯವನು ಎದ್ದು ಕೂತಿದ್ದ.

ರಾತ್ರಿ ದಾಮ್ಯಾನನಿಗೆ ಬಿಸಿ ಸೂಪು ಕೊಡುತ್ತ
ಅವಳ ಹೆಸರು ಹೇಳಲು ಹೋದೆ.
ನಾನೂ ಅರ್ಧಕ್ಕೇ ಕೆಮ್ಮಿದೆ.